ಒಂಬತ್ತು ಗೆರೆ ನೀಲಿ

ಆ ಬಣ್ಣದಂಗಡಿಗೆ ಜನ ಹಿಡಿದು ತರುತ್ತಿದ್ದ ಮಾದರಿಗಳು ಒಂದೆರಡಲ್ಲ. ಒಬ್ಬರು ಹಳೆಯ ಅಂಗಿಯ ಗುಂಡಿ ತಂದು, ಗೋಡೆಗೆ ಇದೇ ಬಣ್ಣ ಬೇಕು ಅನ್ನುವರು. ಇನ್ನೊಬ್ಬರು ಒಡೆದ ಬಸಿಯ ಚೂರು ತರುವರು. ಒಮ್ಮೆ ಒಬ್ಬಾಕೆ ತನ್ನ ಬೆಕ್ಕನ್ನೇ ಎತ್ತಿಕೊಂಡು ಬಂದಿದ್ದಳು. ಮಲಗುವ ಕೋಣೆಗೆ ಅದರ ಹೊಟ್ಟೆಯ ಬಣ್ಣ ಬೇಕು, ಬೆನ್ನಿನದು ಬೇಡ. ಇವರೆಲ್ಲ ಬಂದು ನಿಲ್ಲುತ್ತಿದ್ದುದು ಅಂಗಡಿಯ ಹಿಂಬದಿಯ ಕಿಟಕಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಬಣ್ಣದ ಮೇಷ್ಟ್ರ ಎದುರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಬಣ್ಣ ಕಲೆಸಿದ್ದಕ್ಕೆ ಜನ ಕೊಟ್ಟ ಬಿರುದು ಅದು. ಬಿಳಿ ಬಣ್ಣದ ಡಬ್ಬಿ ತೆರೆದು, ಅದಕ್ಕೆ ಗಟ್ಟಿ ಬಣ್ಣಗಳನ್ನು ಹನಿ ಎಣಿಸಿ ಬಿಟ್ಟು, ಕಡ್ಡಿಯಿಂದ ಎಡಕ್ಕೆ ಅರವತ್ತು ಸುತ್ತು, ಬಲಕ್ಕೆ ಅರವತ್ತು ಸುತ್ತು ತಿರುಗಿಸುವರು. ಆಮೇಲೆ ರಟ್ಟಿನ ಚೂರಿಗೆ ಒಂದು ಬೊಟ್ಟು ಹಚ್ಚಿ, ಒಣಗುವವರೆಗೆ ಕಾದು, ಮಾದರಿಯ ಪಕ್ಕದಲ್ಲೇ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುವರು. ಎರಡರ ನಡುವಿನ ಅಂಚು ಕಾಣದಂತಾದರೆ ಬಣ್ಣ ಸಿಕ್ಕಿತೆಂದು ಅರ್ಥ. ದೊಡ್ಡ ಅಂಗಡಿಗಳಲ್ಲಿ ಈ ಕೆಲಸಕ್ಕೆ ಯಂತ್ರ ಬಂದು ಎಷ್ಟೋ ವರ್ಷವಾಗಿತ್ತು. ಇಲ್ಲಿನ ಯಜಮಾನತಿ ಮಾತ್ರ ಯಂತ್ರ ಮಾರಲು ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿ ಕಳಿಸುತ್ತಿದ್ದರು: "ನಿಮ್ಮ ಯಂತ್ರ ಬೆಕ್ಕನ್ನ ಹಿಡ್ಕೊಳ್ಳತ್ತಾ?"

ಮೇಷ್ಟ್ರ ಕಣ್ಣಿನ ಬಗ್ಗೆ ಆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಮೇಷ್ಟ್ರಿಗಂತೂ ಇರಲೇ ಇಲ್ಲ.

ಅವರ ಮನೆ ಅಂಗಡಿಯಿಂದ ಹನ್ನೊಂದು ನಿಮಿಷದ ದಾರಿ. ಮುಂದಿನ ಕೋಣೆಯ ಅರ್ಧ ಭಾಗ ಅವರ ಹೆಂಡತಿಯದು. ಬೀದಿಯವರು ಆಕೆಯನ್ನು ಟೈಲರಮ್ಮ ಎಂದು ಕರೆಯುತ್ತಿದ್ದರು. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ದಾರದ ಉಂಡೆಗಳ ಪೆಟ್ಟಿಗೆ, ಎಲ್ಲ ಆ ಕಡೆ. ಉಳಿದರ್ಧದಲ್ಲಿ ಟೀವಿ, ಎರಡು ಕುರ್ಚಿ ಮತ್ತು ಒಂದು ಗಾಜಿನ ಬೀರು. ಆ ಬೀರುವಿನ ತುಂಬ ಇದ್ದದ್ದು ಒಂದೇ ಧಾರಾವಾಹಿ. ಅದರ ಹೆಸರು ‘ಏಳು ಸಾವಿರ ಕೊಡೆಗಳು’.

ಅದೊಂದು ಜಪಾನಿನ ಕಾರ್ಟೂನು. ಹಾಗೆಂದರೆ ಮಗಳು ತಿದ್ದುತ್ತಿದ್ದಳು: "ಕಾರ್ಟೂನ್ ಅಲ್ಲಪ್ಪಾ, ಅನಿಮೆ." ಅದರಲ್ಲೊಬ್ಬ ಕೊಡೆ ರಿಪೇರಿ ಮಾಡುವ ಹುಡುಗಿ. ಏಳು ಸಾವಿರ ಕೊಡೆ ರಿಪೇರಿ ಮಾಡುವವರೆಗೆ ಮನೆಗೆ ಮರಳುವುದಿಲ್ಲವೆಂದು ಶಪಥ ಮಾಡಿ ಹೊರಟವಳು. ವಾರಕ್ಕೊಂದು ಕಂತು, ಕಂತಿಗೊಂದು ಕೊಡೆ. ಆ ವೇಗದಲ್ಲಿ ಶಪಥ ಮುಗಿಯಲು ನೂರ ಮೂವತ್ತನಾಲ್ಕು ವರ್ಷ ಬೇಕೆಂದು ಮೇಷ್ಟ್ರು ಮೊದಲನೇ ದಿನವೇ ಭಾಗಿಸಿ ನೋಡಿದ್ದರು. ಧಾರಾವಾಹಿಯವರೂ ಹಾಗೇ ಲೆಕ್ಕ ಹಾಕಿದರೋ ಏನೋ, ನಾನ್ನೂರ ಮೂವತ್ತೆಂಟನೆಯ ಕಂತಿಗೆ ನಿಲ್ಲಿಸಿಬಿಟ್ಟರು. ಹುಡುಗಿ ಇನ್ನೂ ದಾರಿಯಲ್ಲೇ ಇದ್ದಾಳೆ. ಊರವರ ಕೊಡೆಗಳನ್ನೆಲ್ಲ ರಿಪೇರಿ ಮಾಡುವ ಅವಳದೇ ಕೊಡೆಗೆ ಒಂದು ತೂತಿದೆ. ಆ ಕೊಡೆ ನೀಲಿ.

ಮಗಳಿಗೆ ಐದು ವರ್ಷವಿದ್ದಾಗ ಅದರ ವಿಡಿಯೋ ಕ್ಯಾಸೆಟ್ಟು ಮೊದಲ ಸಲ ನಮ್ಮ ಭಾಷೆಯ ಮಾತು ಕೂಡಿಸಿಕೊಂಡು ಬಂತು. ಮೇಷ್ಟ್ರು ಮಗಳಿಗೆಂದು ತಂದು, ಮಗಳ ಪಕ್ಕದಲ್ಲಿ ಕೂತರು. ಪರದೆಯ ಮೇಲೆ ಆ ಕೊಡೆ ಬಿಚ್ಚಿಕೊಂಡ ಕ್ಷಣದಲ್ಲಿ ಅವರ ಬೆನ್ನು ನೆಟ್ಟಗಾಯಿತು. ಅಂಥ ನೀಲಿಯನ್ನು ಅವರು ಅಲ್ಲಿಯವರೆಗೆ ಕಲೆಸಿರಲಿಲ್ಲ. ಮಗಳು ಹತ್ತನೆಯ ಕಂತಿಗೆ ನಿದ್ದೆ ಹೋದಳು. ಅಪ್ಪ ಎದ್ದದ್ದು ಕ್ಯಾಸೆಟ್ಟು ಮುಗಿದ ಮೇಲೆ.

ಕ್ಯಾಸೆಟ್ಟಿನ ಕಾಲ ಹೋಗಿ ವೀಸೀಡಿ ಬಂತು. ಮೇಷ್ಟ್ರು ಮತ್ತೆ ಕೊಂಡರು. ಆಮೇಲೆ ಡೀವೀಡಿ. ಆಮೇಲೆ ಪರಿಷ್ಕೃತ ಡೀವೀಡಿ. ಅದಾಗಿ ಮೂರು ವರ್ಷಕ್ಕೆ ‘ಸಂಪೂರ್ಣ ಸಂಪುಟ’ ಎಂಬುದು ಬಂತು, ಹಿಂದಿನವೆಲ್ಲ ಅಪೂರ್ಣ ಎಂದು ಗೊತ್ತಾದದ್ದೇ ಆಗ. ಬ್ಲೂ-ರೇ ಬಂತು. ಕೊನೆಗೆ ‘ಅತಿ ಸಂಪೂರ್ಣ ಬ್ಲೂ-ರೇ’. ಒಟ್ಟು ಏಳು ಸಲ ಒಂದೇ ಕಥೆ ಆ ಮನೆಯ ಹೊಸ್ತಿಲು ದಾಟಿತ್ತು.

"ಏಳು ಸಾವಿರ ಕೊಡೆ ಅಂತೆ," ಎಂದು ಟೈಲರಮ್ಮ ಬಟ್ಟೆ ಕತ್ತರಿಸುತ್ತಲೇ ಅನ್ನುವರು. "ಇಲ್ಲಿ ಏಳು ಸಲ ಬಂದಿದ್ದೂ ಅದೇ ಒಂದು ತೂತು ಕೊಡೆ."

"ಪ್ರತಿ ಸಲಾನೂ ಬೇರೆ ಕಣೇ. ಬಣ್ಣ ನೋಡು."

"ಬೆಳಗ್ಗಿಂದ ಸಂಜೆವರೆಗೆ ಬಣ್ಣ ನೋಡ್ತೀರಿ. ಸಂಜೆಯಿಂದ ಮಲಗೋವರೆಗೂ ಬಣ್ಣ ನೋಡ್ತೀರಿ. ನನ್ನ ಮುಖ ಯಾವ ಬಣ್ಣ ಹೇಳಿ ನೋಡೋಣ, ಈ ಕಡೆ ತಿರುಗದೆ."

ಮೇಷ್ಟ್ರು ಜಾಣರು, ತಿರುಗದೆ ಟೀವಿಯ ದನಿ ಏರಿಸಿದರು.

ಗೋಳು ಶುರುವಾದದ್ದು ನಾಲ್ಕನೆಯದರಲ್ಲಿ, ಅಂದರೆ ಪರಿಷ್ಕೃತ ಡೀವೀಡಿಯಲ್ಲಿ. ಅದನ್ನು ನೋಡುವಾಗ ಮೇಷ್ಟ್ರಿಗೆ ಕೊಡೆ ಸರಿಯಿಲ್ಲ ಅನ್ನಿಸಿತು. ನೀಲಿಗೆ ಎಲ್ಲೋ ಒಂದು ಹನಿ ಹಳದಿ ಬಿದ್ದ ಹಾಗೆ. ಗಿರಾಕಿಯ ಡಬ್ಬಿಯಾಗಿದ್ದರೆ ಅವರು ಅದನ್ನು ಅಂಗಡಿಯಿಂದ ಆಚೆ ಬಿಡುತ್ತಿರಲಿಲ್ಲ. ಆದ್ದರಿಂದ ಡಿಸ್ಕ್ ಹೊರತಂದ ಕಂಪನಿಗೆ ಒಂದು ಪತ್ರ ಬರೆದರು. ಬೈಗುಳವಿಲ್ಲದ, ಗೆರೆ ಹಾಕಿದ ಕಾಗದದ ಮೇಲಿನ ಸಭ್ಯ ಪತ್ರ. ‘ಮಾನ್ಯರೇ, ಕೊಡೆಯ ನೀಲಿಯಲ್ಲಿ ಹಳದಿಯ ಛಾಯೆ ಕಾಣುತ್ತಿದೆ. ದಯವಿಟ್ಟು ಗಮನಿಸಿ.’ ಹದಿನೈದು ದಿನಕ್ಕೆ ಉತ್ತರ ಬಂತು: ‘ತಮ್ಮ ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ಐದನೆಯದು ಬಂದಾಗಲೂ ಕೊಡೆ ಹಳದಿಯೇ. ಮತ್ತೆ ಪತ್ರ. ಆರನೆಯದರಲ್ಲೂ ಅಷ್ಟೇ. ಹೀಗೆ ಹತ್ತು ವರ್ಷದಲ್ಲಿ ಒಂಬತ್ತು ಪತ್ರ ಹೋದವು, ಕಡತಕ್ಕೆ ಸೇರಿಸಲಾಗಿದೆ ಎಂಬ ಒಂಬತ್ತು ಉತ್ತರ ಬಂದವು. ಮೇಷ್ಟ್ರು ಎಲ್ಲವನ್ನೂ ದಿನಾಂಕದ ಪ್ರಕಾರ ಫೈಲಿನಲ್ಲಿ ಜೋಡಿಸಿಟ್ಟಿದ್ದರು.

ಮಗಳು ಈಗ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಫೋನಿನಲ್ಲಿ ಈ ಅನಿಮೆಯ ಅಭಿಮಾನಿಗಳ ಹರಟೆ ಓದುವುದು ಅವಳ ಅಭ್ಯಾಸ. ಒಂದು ಸಂಜೆ ಅವಳು ಹೇಳಿದಳು:

"ಅಪ್ಪಾ, ಏಳನೇದನ್ನ ಅಲ್ಲಿ ಎಲ್ಲರೂ ‘ಇಂಕು ಬಾಟಲಿ’ ಅಂತ ಕರೀತಾರೆ. ಕೊಡೆ ತೀರಾ ನೀಲಿ ಆಗಿದೆ ಅಂತೆ."

"ತೀರಾ ನೀಲಿ? ಆ ಹಳದಿ?" ಮೇಷ್ಟ್ರಿಗೆ ಆ ಜನರ ಮೇಲೆ ಕನಿಕರವೇ ಬಂತು. "ಎಲ್ಲರಿಗೂ ಕಣ್ಣಿರತ್ತೆ ಮಗಳೇ. ನೋಡೋದು ಕಲೀಬೇಕು."

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ, ಯಾರಿಗೋ ಹೇಳುವಂತೆ, "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ," ಅಂದರು.

"ಅದು ತಪ್ಪು ಗಾದೆ," ಎಂದರು ಮೇಷ್ಟ್ರು. "ಕಾಮಾಲೆ ಬಂದ್ರೆ ಕಣ್ಣು ಹಳದಿಯಾಗಿ ಬೇರೆಯವರಿಗೆ ಕಾಣತ್ತೆ. ರೋಗಿಗೆ ಲೋಕ ಹಳದಿಯಾಗಿ ಕಾಣೋದಿಲ್ಲ."

"ಹೌದಾ? ಹಾಗಾದ್ರೆ ಹೋದ ವಾರ ಕಡುನೀಲಿ ದಾರ ತನ್ನಿ ಅಂದ್ರೆ ಕಪ್ಪು ತಂದ್ರಲ್ಲ, ಅದು ಯಾವ ಗಾದೆ?"

"ಅಂಗಡಿಯವನು ತಪ್ಪು ಕೊಟ್ಟಿದ್ದಾನೆ."

ಅದರ ಮುಂದಿನ ತಿಂಗಳ ಎರಡನೆಯ ತಾರೀಕು ಕಂಪನಿಯಿಂದ ದಪ್ಪ ಲಕೋಟೆ ಬಂತು. ಒಳಗೆ ‘ಅ’, ‘ಆ’, ‘ಇ’ ಎಂದು ಗುರುತು ಹಾಕಿದ ಮೂರು ಡಿಸ್ಕು, ಒಂದು ಪತ್ರ, ಒಂದು ಫಾರಂ. ಪತ್ರದ ಸಾರಾಂಶ ಇದು: ಡಿಸ್ಕುಗಳ ಕಾಲ ಮುಗಿಯುತ್ತ ಬಂದಿರುವುದರಿಂದ ಕಂಪನಿಯು ‘ಏಳು ಸಾವಿರ ಕೊಡೆಗಳು’ ಧಾರಾವಾಹಿಯನ್ನು ಕೊನೆಯ ಬಾರಿಗೆ ಹೊರತರುತ್ತಿದೆ. ಇದಾದ ಮೇಲೆ ಇನ್ನೊಂದಿಲ್ಲ. ಬಣ್ಣದ ವಿಷಯದಲ್ಲಿ ಅತಿ ಹೆಚ್ಚು ಪತ್ರ ಬರೆದ ವೀಕ್ಷಕರಾದ ತಾವು ಮೂರರಲ್ಲಿ ಸರಿಯಾದದ್ದನ್ನು ಗುರುತಿಸಿ ಇಪ್ಪತ್ತೈದರೊಳಗೆ ತಿಳಿಸಬೇಕು. ತಮ್ಮ ಹೆಸರನ್ನು ಜೊತೆಯ ಕಿರುಪುಸ್ತಕದ ಮೊದಲನೆಯ ಪುಟದಲ್ಲಿ ‘ವರ್ಣ ಪರಿಶೀಲಕರು’ ಎಂದು ಮುದ್ರಿಸಲಾಗುವುದು.

ಮೇಷ್ಟ್ರು ಪತ್ರವನ್ನು ಮೂರು ಸಲ ಓದಿದರು. ಮೂವತ್ತೊಂದು ವರ್ಷದಲ್ಲಿ ಅವರು ಕಲೆಸಿದ ಬಣ್ಣ ಊರಿನ ಅರ್ಧ ಗೋಡೆಗಳ ಮೇಲಿತ್ತು. ಯಾವ ಗೋಡೆಯ ಮೇಲೂ ಅವರ ಹೆಸರಿರಲಿಲ್ಲ.

ಆ ಭಾನುವಾರ ಅವರು ಕಿಟಕಿಗೆ ಪರದೆ ಎಳೆದು, ಟೀವಿಯ ಗಾಜನ್ನು ಒದ್ದೆ ಬಟ್ಟೆಯಿಂದ ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಟೀವಿಯಿಂದ ಎರಡು ಮೀಟರು ಅಳೆದು ಕುರ್ಚಿ ಇಟ್ಟರು. ಹೆಂಡತಿ, ಮಗಳು ಹಿಂದೆ ನಿಂತರು. ಮೊದಲು ‘ಅ’. ಕೊಡೆ ಬಿಚ್ಚಿತು. "ಹಳೇ ಲಾಟೀನಿನ ಗಾಜು," ಎಂದರು ಮೇಷ್ಟ್ರು. ಆಮೇಲೆ ‘ಆ’. "ಪರವಾಗಿಲ್ಲ, ಆದ್ರೂ ಹಳದಿ." ಕೊನೆಗೆ ‘ಇ’. ಮೇಷ್ಟ್ರು ಮುಂದಕ್ಕೆ ಬಾಗಿದರು. "ಇದು. ಪೂರ್ತಿ ಅಲ್ಲ, ಆದ್ರೆ ಹತ್ತಿರ ಬಂದಿದ್ದಾರೆ. ಇನ್ನೊಂದು ಹನಿ ಬೇಕಿತ್ತು."

ತಿರುಗಿ ನೋಡಿದರೆ ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

"ಏನಾಯ್ತು?"

"ಅಪ್ಪಾ, ಅದು ಇಂಕು ಚೆಲ್ಲಿದ ಹಾಗಿದೆ. ಅವಳ ಮೂಗೂ ನೀಲಿ ಆಗಿದೆ."

"ಮೂಗು ಬಿಡು, ಹಲ್ಲೂ ನೀಲಿ," ಎಂದರು ಟೈಲರಮ್ಮ.

ಮೇಷ್ಟ್ರು ಅಳೆದೂ ಸುರಿದೂ ನೋಡುವ ಮನುಷ್ಯ, ಸಿಟ್ಟಿಗೇಳಲಿಲ್ಲ. ಮೂರು ಜನರಲ್ಲಿ ಇಬ್ಬರು ಒಂದು ಕಂಡು ಒಬ್ಬನು ಇನ್ನೊಂದು ಕಂಡರೆ ನಡುವೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಕೆಟ್ಟದ್ದನ್ನು ಹುಡುಕಬೇಕು. ಸೋಮವಾರ ಟೀವಿಯ ವೈರು ಬದಲಿಸಿದರು. ಮಂಗಳವಾರ ಪಕ್ಕದ ಮನೆಯಿಂದ ಡಿಸ್ಕ್ ಪ್ಲೇಯರು ಎರವಲು ತಂದರು. ಬುಧವಾರ ಕೋಣೆಯ ಬಲ್ಬು ತೆಗೆದು ಬೇರೆ ಹಾಕಿದರು. ಗುರುವಾರ ಮಗಳ ಸ್ನೇಹಿತೆಯ ಮನೆಗೇ ಹೋಗಿ ಅವರ ಟೀವಿಯಲ್ಲಿ ನೋಡಿದರು. ಎಲ್ಲ ಕಡೆಯೂ ‘ಅ’ ಲಾಟೀನಿನ ಗಾಜು, ‘ಇ’ ಸರಿ. ಕುತೂಹಲಕ್ಕೆ ಬೀರುವಿನಿಂದ ಹಳೆಯ ವೀಸೀಡಿ ತೆಗೆದು ಹಾಕಿದರೆ, ಅದೂ ಹಳದಿಯಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಅದು ಹಾಗಿರಲಿಲ್ಲವೆಂದು ಅವರು ಪ್ರಮಾಣ ಮಾಡಿ ಹೇಳಬಲ್ಲವರಾಗಿದ್ದರು.

"ಸಿಕ್ತು," ಎಂದರು. "ಡಿಸ್ಕು ಹಳೇದಾದ್ರೆ ಹಳದಿ ಆಗತ್ತೆ. ಕಾಗದದ ಹಾಗೆ."

ಟೈಲರಮ್ಮ ಕತ್ತರಿ ಕೆಳಗಿಟ್ಟರು. ಅವರು ಕತ್ತರಿ ಕೆಳಗಿಟ್ಟರೆ ಮಾತು ಗಂಭೀರ ಎಂದು ಮನೆಯವರಿಗೆ ಗೊತ್ತು. "ವೈರು ಬದಲಾಯಿಸಿದ್ರಿ. ಬಲ್ಬು ಬದಲಾಯಿಸಿದ್ರಿ. ಇನ್ನೊಬ್ಬರ ಮನೆಗೂ ಹೋಗಿ ಬಂದ್ರಿ. ಇಷ್ಟು ಕಡೆಗೂ ಬದಲಾಗದೆ ನಿಮ್ಮ ಜೊತೆ ಬಂದಿದ್ದು ಯಾವ್ದು ರೀ?"

ಮೇಷ್ಟ್ರು ಯೋಚಿಸಿದರು. ಯೋಚಿಸಿದಷ್ಟೂ ಅವರ ಮುಖ ಚಿಕ್ಕದಾಯಿತು. "ನನ್ನ ಕಣ್ಣಿಗೆ ಏನೂ ಆಗಿಲ್ಲ. ಆಗಿದ್ರೆ ಅಂಗಡೀಲಿ ಬಣ್ಣ ತಪ್ಪಬೇಕಿತ್ತು."

"ಅದೆಲ್ಲ ನಂಗೊತ್ತಿಲ್ಲ. ನನ್ನ ಹತ್ರ ದಾರ ಇದೆ."

ಪರೀಕ್ಷೆ ದಾರದ್ದು, ಆದರೆ ಅದರ ಕಟ್ಟುಪಾಡುಗಳನ್ನೆಲ್ಲ ಹಾಕಿದವರು ಮೇಷ್ಟ್ರೇ. ಹನ್ನೆರಡು ಉಂಡೆ, ಕೆಲವು ಕಪ್ಪು, ಕೆಲವು ಕಡುನೀಲಿ. ಎಷ್ಟು ಯಾವುದು ಎಂದು ತಮಗೆ ಹೇಳಕೂಡದು. ತಳಕ್ಕೆ ನಂಬರು ಅಂಟಿಸಿ ಪಟ್ಟಿಯನ್ನು ಹೆಂಡತಿ ಇಟ್ಟುಕೊಳ್ಳಬೇಕು. ಉಂಡೆಗಳನ್ನು ಒಂದೊಂದಾಗಿ ಮುಂದಿಡುವ ಕೆಲಸ ಪಟ್ಟಿ ನೋಡಿರದ ಮಗಳದ್ದು, ಇಲ್ಲದಿದ್ದರೆ ಇಡುವವರ ಮುಖ ನೋಡಿಯೇ ಉತ್ತರ ಗೊತ್ತಾಗಿಬಿಡುತ್ತದೆ. ಹಗಲು ಹನ್ನೊಂದು ಗಂಟೆ, ಕಿಟಕಿಯ ಬೆಳಕು.

ಮೊದಲ ಸಲ ಹನ್ನೆರಡರಲ್ಲಿ ಏಳು ಸರಿ. "ಮತ್ತೊಂದ್ಸಲ," ಎಂದರು ಮೇಷ್ಟ್ರು. ಎರಡನೆಯ ಸಲ ಐದು.

"ಇಪ್ಪತ್ತನಾಲ್ಕಕ್ಕೆ ಹನ್ನೆರಡು," ಎಂದಳು ಮಗಳು, ಕೂಡಿಸುವ ಅಗತ್ಯವಿಲ್ಲದಿದ್ದರೂ.

ಮೇಷ್ಟ್ರು ದಾರದ ಉಂಡೆಯೊಂದನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಹನ್ನೆರಡೇ ಬರುತ್ತಿತ್ತು. ಬೇರೆ ಯಾರಾದರೂ ಹೇಳಿದ್ದರೆ ವಾದಿಸಬಹುದಿತ್ತು. ತಾವೇ ಕಟ್ಟಿದ ಪರೀಕ್ಷೆಯ ಜೊತೆ ವಾದಿಸುವುದು ಹೇಗೆ?

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಅವರೇ ಮೆಲ್ಲಗೆ ಅಂದುಕೊಂಡರು. ಆ ಗಾದೆಯನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಟೈಲರಮ್ಮನಿಗೆ ಅದನ್ನು ಹೇಳುವ ಸಂದರ್ಭವೇ ಬರಲಿಲ್ಲ.

ಕಣ್ಣಿನ ಡಾಕ್ಟರು ದೀಪ ಹಾಕಿ ಎರಡೂ ಕಣ್ಣು ನೋಡಿದರು. "ಪೊರೆ. ಎರಡೂ ಕಡೆ. ಚೆನ್ನಾಗಿ ಮಾಗಿ ಕಂದು ಬಣ್ಣಕ್ಕೆ ಬಂದಿದೆ. ಹತ್ತು ವರ್ಷದಿಂದ ಬೆಳೀತಾ ಇರಬಹುದು. ನೀಲಿ ಬೆಳಕನ್ನ ಇದು ಒಳಗೆ ಬಿಡೋದೇ ಇಲ್ಲ."

"ಹಾಗಾದ್ರೆ ಅಂಗಡೀಲಿ ನಾನು ಕಲೆಸಿದ ಬಣ್ಣಗಳು?" ಮೇಷ್ಟ್ರಿಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

ಡಾಕ್ಟರು ಅವರ ಕೆಲಸದ ಕ್ರಮ ಕೇಳಿ ತಿಳಿದುಕೊಂಡರು. "ಮಾದರಿ, ಬಣ್ಣ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀರಿ. ಎರಡನ್ನೂ ಅದೇ ಪೊರೆಯ ಮೂಲಕ ನೋಡ್ತೀರಿ. ಎರಡೂ ಒಂದೇ ಥರ ಹಳದಿ. ಹೋಲಿಕೆ ಅಷ್ಟು ಸುಲಭಕ್ಕೆ ತಪ್ಪಲ್ಲ. ನೆನಪಿನ ಜೊತೆ ಹೋಲಿಸಿದ್ರೆ ಮಾತ್ರ ಕಷ್ಟ. ಹಾಗೇನಾದ್ರೂ ಮಾಡಿದ್ದೀರಾ?"

"ಒಂಬತ್ತು ಸಲ," ಎಂದರು ಮೇಷ್ಟ್ರು.

ಹನ್ನೆರಡನೆಯ ತಾರೀಕು ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿನದು ಒಂದು ತಿಂಗಳ ನಂತರ ಎಂದು ನಿಗದಿಯಾಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಮೇಷ್ಟ್ರು ಮೊದಲು ನೋಡಿದ್ದು ಆಸ್ಪತ್ರೆಯ ಗೋಡೆ. ಕೆನೆ ಬಣ್ಣದ್ದು ಎಂದುಕೊಂಡಿದ್ದರು, ಅಚ್ಚ ಬಿಳಿ. ಆಮೇಲೆ ಹೆಂಡತಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ನಿನ್ನ ಕೂದಲು ಇಷ್ಟು ಬೆಳ್ಳಗೆ ಆಗಿದ್ಯಾ? ಯಾವಾಗಿಂದ?"

"ಆರು ವರ್ಷ ಆಯ್ತು. ನಿಮಗೆ ಇಷ್ಟು ದಿನ ಹೇಗೆ ಕಾಣ್ತಿತ್ತು?"

"ಸ್ವಲ್ಪ ಬಂಗಾರದ ಥರ."

ಟೈಲರಮ್ಮ ಜಡೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡು, "ಎಡಗಣ್ಣು ಹಾಗೇ ಇರ್ಲಿ ಬಿಡಿ," ಎಂದರು.

ಮನೆಗೆ ಬಂದು ಎರಡು ದಿನ ಸುಧಾರಿಸಿಕೊಂಡ ಮೇಲೆ ಮೇಷ್ಟ್ರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ‘ಅ’ ಹಾಕಿದರು. ಕೊಡೆ ಬಿಚ್ಚಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವರ ಬೆನ್ನನ್ನು ನೆಟ್ಟಗೆ ಮಾಡಿದ್ದ ಅದೇ ನೀಲಿ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ‘ಇ’ ಹಾಕಿದರು. ಹುಡುಗಿಯ ಮೂಗು ನೀಲಿ. ಹಲ್ಲು ನೀಲಿ. ಮಳೆಯೂ ನೀಲಿ, ಆ ಮಳೆಯಲ್ಲಿ ನಿಂತಿದ್ದ ಬಿಳಿ ಕುದುರೆಯೂ ನೀಲಿ. ಅವರು ರಿಮೋಟು ಒತ್ತಿ ನಿಲ್ಲಿಸಿದರು. ಈ ಮೂರು ಬಗೆ ಎಲ್ಲಿಂದ ಬಂದವು ಎಂದು ಈಗ ತಿಳಿಯಬೇಕಿತ್ತು.

ಪತ್ರದ ಕೆಳಗಿದ್ದ ನಂಬರಿಗೆ ಫೋನು ಮಾಡಿದರು. ಹತ್ತು ವರ್ಷದಿಂದ ಅವರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದ ಮೇಡಂ ಎತ್ತಿಕೊಂಡರು. ಅವರ ದನಿಯಲ್ಲಿ ನೆಂಟರು ಸಿಕ್ಕ ಸಂತೋಷವಿತ್ತು.

"ಸರ್, ನೀವಾ! ನಿಮ್ಮ ಅಕ್ಷರ ನನಗೆ ನಮ್ಮಮ್ಮನ ಅಕ್ಷರಕ್ಕಿಂತ ಚೆನ್ನಾಗಿ ಗೊತ್ತು. ಹೇಳಿ ಸರ್."

"ಈ ಅ, ಆ, ಇ ಅಂದ್ರೆ ಏನು ಮೇಡಂ?"

"‘ಅ’ ಮೂಲ ಬಣ್ಣ ಸರ್, ಜಪಾನಿಂದ ಬಂದ ಹಾಗೇ. ‘ಆ’ ನಿಮ್ಮ ನಾಲ್ಕು ಪತ್ರ ಆದ್ಮೇಲಿಂದು. ‘ಇ’ ಒಂಬತ್ತೂ ಆದ್ಮೇಲಿಂದು."

"ನನ್ನ ಪತ್ರ?"

"ಹೌದು ಸರ್. ನಿಮ್ಮದೊಂದು ಪತ್ರ ಬಂದ್ರೆ ನಮ್ಮ ಬಣ್ಣದ ವಿಭಾಗದವರು ನೀಲಿಯ ಗುಂಡಿಯನ್ನ ಒಂದು ಗೆರೆ ಮೇಲಕ್ಕೆ ತಿರುಗಿಸ್ತಾರೆ. ಒಂದು ಪತ್ರ, ಒಂದು ಗೆರೆ. ಅದು ಇಲ್ಲಿನ ಕ್ರಮ."

ಮೇಷ್ಟ್ರು ಗಾಜಿನ ಬೀರುವಿನ ಕಡೆ ತಿರುಗಿದರು. ಅವರ ಕಣ್ಣು ಹಳದಿಯಾಗುತ್ತ ಹೋದ ಹಾಗೆ ಅವರು ಪತ್ರ ಬರೆದರು. ಬರೆದ ಹಾಗೆಲ್ಲ ಕಂಪನಿ ನೀಲಿ ಏರಿಸಿತು. ಏರಿದ್ದು ಕಾಣದಷ್ಟು ಅವರ ಕಣ್ಣು ಮತ್ತೆ ಹಳದಿಯಾಯಿತು. ಹತ್ತು ವರ್ಷ ಇಬ್ಬರೂ ಹೀಗೆ ಒಬ್ಬರ ಹಿಂದೆ ಒಬ್ಬರು ಓಡಿದ್ದರು.

"ನಾನೊಬ್ಬ ಬರೆದದ್ದಕ್ಕೇ? ತೀರಾ ನೀಲಿ ಆಯ್ತು ಅಂತ ಊರೆಲ್ಲ ಬೈತಿದೆಯಂತಲ್ಲ ಮೇಡಂ?"

"ಅವರು ಇಂಟರ್ನೆಟ್ಟಲ್ಲಿ ಬೈತಾರೆ ಸರ್. ಅದನ್ನ ಫೈಲಿಗೆ ಹಾಕೋದು ಹೇಗೆ? ಕಾಗದದಲ್ಲಿ ಬರೆದವರು ನೀವೊಬ್ಬರೇ."

ಮೇಷ್ಟ್ರು ಫಾರಂ ಹತ್ತಿರ ಎಳೆದುಕೊಂಡರು. "ಫಾರಂನಲ್ಲಿ ನಾನು ‘ಅ’ ಅಂತ ಗುರುತು ಹಾಕಿ ಕಳಿಸಿದ್ರೆ?"

ಆ ಕಡೆ ಕಾಗದ ಮಗುಚುವ ಸದ್ದು. "ಕಷ್ಟ ಸರ್. ಫೈಲಲ್ಲಿ ‘ಅ’ ಹಳದಿ ಅಂತ ನಿಮ್ಮದೇ ಒಂಬತ್ತು ಪತ್ರ ಇವೆ. ವಿಭಾಗದವರು ಫಾರಂ ನಂಬೋದಾ, ಫೈಲು ನಂಬೋದಾ? ಆ ಪತ್ರಗಳನ್ನ ನೀವು ಕಾರಣ ಕೊಟ್ಟು ವಾಪಸ್ ತಗೋಬೇಕಾಗತ್ತೆ."

"ಸರಿ, ಒಂದು ಪತ್ರ ಬರೀತೀನಿ."

"ಒಂದು ಬರೆದ್ರೆ ಒಂದು ಗೆರೆ ಇಳಿಸ್ತಾರೆ ಸರ್."

ಮೇಷ್ಟ್ರಿಗೆ ಅರ್ಥವಾಯಿತು. "ಒಂಬತ್ತು ಬರೀಬೇಕು."

"ಬೇರೆ ಬೇರೆ ಲಕೋಟೆಲಿ. ಮತ್ತೆ ಸರ್…" ಮೇಡಂ ದನಿ ಇಳಿಸಿದರು. "ಒಂಬತ್ತೂ ವಾಪಸಾದ್ರೆ ನಿಮ್ಮ ಹೆಸರು ಪುಸ್ತಕದಲ್ಲಿ ಹಾಕಕ್ಕಾಗಲ್ಲ. ಪರಿಶೀಲಕರ ಫೈಲು ಸ್ವಚ್ಛ ಇರ್ಬೇಕು ಅಂತ ಇದೆ. ‘ಇ’ ಅಂತ ಗುರುತು ಹಾಕಿದ್ರೆ ಯಾವ ತೊಂದರೆನೂ ಇಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ವಿಷಯವನ್ನೆಲ್ಲ ಹೇಳಿದರು, ಹೆಸರಿನದನ್ನು ಕೊನೆಗೆ, ಅಷ್ಟೇನೂ ಮುಖ್ಯವಲ್ಲ ಎಂಬ ಧಾಟಿಯಲ್ಲಿ. ಹೆಂಡತಿಗಾಗಲಿ ಮಗಳಿಗಾಗಲಿ ಆ ಧಾಟಿಯಿಂದ ಮೋಸವಾಗಲಿಲ್ಲ. ಎರಡು ದಿನ ಫಾರಂ ಟೀವಿಯ ಮೇಲೆ ಖಾಲಿ ಬಿದ್ದಿತ್ತು. ಒಂದೇ ಒಂದು ಗುರುತು ಹಾಕಿದರೆ ಹೆಸರು ಅಚ್ಚಾಗುತ್ತದೆ. ಹಾಕದಿದ್ದರೆ ಒಂಬತ್ತು ಸಲ ಬರೆದುಕೊಡಬೇಕು, ಬಣ್ಣದ ಮೇಷ್ಟ್ರಿಗೆ ಬಣ್ಣ ಕಾಣುತ್ತಿರಲಿಲ್ಲ ಎಂದು.

ಮೂರನೆಯ ದಿನ ಟೈಲರಮ್ಮ ಕತ್ತರಿ ಕೈಯಲ್ಲಿಟ್ಟುಕೊಂಡೇ ಹೇಳಿದರು. "‘ಇ’ ಅಂತಾನೇ ಕಳಿಸಿ. ಹೆಸರು ಬರ್ಲಿ. ಆ ಹುಡುಗಿ ಹಲ್ಲಿಗೆ ಇಂಕು ಬಳಿದವರು ಯಾರು ಅಂತ ಜನಕ್ಕೂ ಗೊತ್ತಾಗ್ಲಿ."

ಮೇಷ್ಟ್ರು ಎದ್ದು ಹೋಗಿ ಗೆರೆ ಕಾಗದದ ಪುಸ್ತಕ ತಂದರು.

ಮೊದಲನೆಯ ಪತ್ರ ಎರಡೂವರೆ ಪುಟವಾಯಿತು. ಅದರಲ್ಲಿ ಕಣ್ಣಿನ ಮಸೂರದ ಚಿತ್ರವಿತ್ತು, ಯಾವ ಬೆಳಕು ಎಷ್ಟು ಒಳಗೆ ಹೋಗುತ್ತದೆ ಎಂಬ ವಿವರಣೆಯಿತ್ತು, ಇದು ಯಾರಿಗೂ ಆಗಬಹುದಾದದ್ದು ಎಂಬ ಮಾತು ಮೂರು ಕಡೆ ಇತ್ತು. ಎರಡನೆಯದರಲ್ಲಿ ಚಿತ್ರ ಬಿಟ್ಟರು. ಮೂರನೆಯದರಲ್ಲಿ ‘ಯಾರಿಗೂ ಆಗಬಹುದು’ ಒಂದೇ ಕಡೆ ಉಳಿಯಿತು. ನಾಲ್ಕನೆಯದು ಅರ್ಧ ಪುಟ. ಐದನೆಯದನ್ನು ಬರೆಯುವಾಗ ಮಗಳು ಪಕ್ಕದಲ್ಲಿ ನಿಂತು ಓದುತ್ತಿದ್ದಳು, ಅವರು ಕೈ ಅಡ್ಡ ಇಡಲಿಲ್ಲ.

ಆರನೆಯದನ್ನು ಅಂಗಡಿಯಲ್ಲಿ ಬರೆದರು. ಗಿರಾಕಿಗಳಿಲ್ಲದ ಮಧ್ಯಾಹ್ನ. ಯಜಮಾನತಿ ಸ್ಟೂಲಿನ ಹತ್ತಿರ ಬಂದರು.

"ಏನ್ ಮೇಷ್ಟ್ರೇ, ಯಾರಿಗೆ ಕಾಗದ?"

ಒಂದು ವಾರದ ಹಿಂದೆ ಆಗಿದ್ದರೆ ಮೇಷ್ಟ್ರು ಅದರ ಮೇಲೆ ಡಬ್ಬಿ ಇಡುತ್ತಿದ್ದರು. ಈಗ ಎತ್ತಿ ಕೈಗೆ ಕೊಟ್ಟರು. ಯಜಮಾನತಿ ಕನ್ನಡಕ ಏರಿಸಿ ಪೂರ್ತಿ ಓದಿದರು.

"ಹತ್ತು ವರ್ಷದಿಂದ?"

"ಹತ್ತು ವರ್ಷದಿಂದ ಅಮ್ಮಾವ್ರೇ. ಗೋಡೆ ಬಣ್ಣ ತಪ್ಪಿಲ್ಲ, ಅದಕ್ಕೆ ಕಾರಣ ಇದೆ, ಹೇಳ್ತೀನಿ. ಕಡುನೀಲಿ ಮಾತ್ರ ನನಗೆ ಕಪ್ಪಾಗಿ ಕಾಣ್ತಿತ್ತು. ಆ ಮೂಲೆ ಮನೆಯವರು ಗೇಟಿಗೆ ಕಡುನೀಲಿ ಕೇಳಿದ್ರಲ್ಲ…"

"ಕಪ್ಪು ಕೊಟ್ಟಿದ್ದೀರಿ ಅಂತ ಗಲಾಟೆ ಮಾಡಿದ್ರು. ಒಣಗಿದ ಮೇಲೆ ನೀಲಿ ಆಗತ್ತೆ ಅಂತ ನೀವು ಹೇಳಿ ಕಳಿಸಿದ್ರಿ."

"ಒಣಗಿ ಎಷ್ಟು ದಿನ ಆಯ್ತು?"

"ನಾಲ್ಕು ವರ್ಷ. ಇನ್ನೂ ಕಾಯ್ತಿದ್ದಾರೆ." ಯಜಮಾನತಿ ಪತ್ರ ಮಡಚಿ ವಾಪಸು ಕೊಟ್ಟರು. "ಎರಡನೇ ಕಣ್ಣಿಗೆ ಯಾವತ್ತು ರಜೆ ಬೇಕು ಅಂತ ಮೊದಲೇ ಹೇಳಿ. ಮತ್ತೆ ಆ ಗೇಟಿಗೆ ಒಂದು ಡಬ್ಬಿ ನೀಲಿ ಕಲೆಸಿಡಿ. ಬಲಗಣ್ಣಲ್ಲಿ ನೋಡ್ಕೊಂಡು."

ಮೇಷ್ಟ್ರು ಅವತ್ತೇ ಕಲೆಸಿದರು. ಏಳನೆಯ, ಎಂಟನೆಯ ಪತ್ರಗಳು ಮೂರು ಮೂರು ಸಾಲು. ಇಪ್ಪತ್ತೊಂದನೆಯ ತಾರೀಕು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಿಂತುಕೊಂಡೇ ಒಂಬತ್ತನೆಯದನ್ನು ಬರೆದರು:

‘ಮಾನ್ಯರೇ, ನನ್ನ ಕಣ್ಣಿನಲ್ಲಿ ಪೊರೆ ಇತ್ತು. ಕೊಡೆ ಸರಿಯಾಗಿಯೇ ಇತ್ತು. ಒಂದು ಗೆರೆ ಇಳಿಸಿ.’

ಫಾರಂನಲ್ಲಿ ‘ಅ’ ಎಂದು ಗುರುತು ಹಾಕಿ ಅದನ್ನೂ ಒಂದು ಲಕೋಟೆಯೊಳಗೆ ಸೇರಿಸಿ, ಅಂಟು ಹಚ್ಚಿ, ಒಂಬತ್ತನ್ನೂ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಟೈಲರಮ್ಮ ಯಂತ್ರದ ಪೆಡಲು ತುಳಿಯುವುದನ್ನು ನಿಲ್ಲಿಸಿ ನೋಡಿದರು.

"ಮುಗೀತಾ?"

"ಮುಗೀತು."

"ಎಡಗಣ್ಣು ಆಪರೇಷನ್ ಆದ್ಮೇಲೆ ಮತ್ತೆ ಶುರು ಮಾಡ್ಬೇಡಿ."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು, ಲಕೋಟೆಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡರು.

"ಅದು ಎರಡೂ ಕಣ್ಣಲ್ಲಿ ನೋಡಿದ ಮೇಲೆ ಹೇಳ್ತೀನಿ," ಎಂದು ಅಂಚೆ ಡಬ್ಬಿಯ ಕಡೆ ನಡೆದರು.